ಬಾಟಲಿಯಲ್ಲಿದ್ದರೆ ಪರಿಮಳ, ಕೇರಿಯಲ್ಲಿದ್ದರೆ ನಾತ

"ಎಷ್ಟು ಗಂಟೆ ನಿಲ್ಲುತ್ತೆ?"

ಪರ್ಫ್ಯೂಮ್ ವಿಷಯ ಬಂದರೆ ನಮ್ಮ ಆಫೀಸುಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಇದು. ಎರಡನೇದು, "ಎಷ್ಟು ದೂರಕ್ಕೆ ಬರುತ್ತೆ?" ಮೂರನೇದು, "ಯಾರಾದ್ರೂ ಕಾಂಪ್ಲಿಮೆಂಟ್ ಕೊಟ್ರಾ?" ಅದರ ಪರಿಮಳ ಹೇಗಿದೆ ಅಂತ ಕೇಳುವವರು ಅಪರೂಪ. ಮನೆಗೆ ಇನ್ವರ್ಟರ್ ತರುವಾಗ ಕೇಳುವ ಪ್ರಶ್ನೆಗಳನ್ನೇ ನಾವು ಸೆಂಟಿಗೂ ಕೇಳುತ್ತಿದ್ದೇವೆ: ಬ್ಯಾಕಪ್ ಎಷ್ಟು, ಲೋಡ್ ಎಷ್ಟು ತಡೆಯುತ್ತೆ, ರಿವ್ಯೂ ಹೇಗಿದೆ. ಯೂಟ್ಯೂಬಿನಲ್ಲಿ ಹುಡುಗರು ಹಿಂದೆ ನೂರು ಬಾಟಲಿ ಸಾಲಾಗಿ ಜೋಡಿಸಿಟ್ಟುಕೊಂಡು 10ಕ್ಕೆ 7.5 ಅಂತ ಅಂಕ ಕೊಡುತ್ತಾರೆ. 'ಬೀಸ್ಟ್ ಮೋಡ್' ಅನ್ನೋದು ಅವರ ಬಾಯಲ್ಲಿ ದೊಡ್ಡ ಹೊಗಳಿಕೆ. ಅಂದರೆ ನೀವು ಲಿಫ್ಟಿನಿಂದ ಇಳಿದು ಹೋದ ಮೇಲೂ ಒಳಗಿರುವವರಿಗೆ ನಿಮ್ಮಿಂದ ಬಿಡುಗಡೆ ಇರಬಾರದು, ಅಷ್ಟೇ.

ಈ ಅಂಕಪಟ್ಟಿಯಲ್ಲಿ ಖಂಡಿತಾ ಫೇಲಾಗುವ ಒಂದು ಪರ್ಫ್ಯೂಮನ್ನು ಕೆಲವು ವಾರಗಳಿಂದ ಹಾಕಿಕೊಂಡು ಓಡಾಡುತ್ತಿದ್ದೇನೆ. ಹೆಸರು 'ಕ್ಯುಯೀರ್ ದ ಗಾರ್ಡೇನಿಯಾ'. ಕ್ಯುಯೀರ್ ಅಂದರೆ ಫ್ರೆಂಚಿನಲ್ಲಿ ಚರ್ಮ. ಮಾಡಿದವರು ಅಮೆರಿಕದ ಬರ್ಕ್ಲಿಯಲ್ಲಿರುವ ಮ್ಯಾಂಡಿ ಆಫ್ಟೆಲ್. ಇವರು ಲ್ಯಾಬಿನಲ್ಲಿ ಕಟ್ಟಿದ ಪರಿಮಳಗಳನ್ನು ಮುಟ್ಟುವುದಿಲ್ಲ. ಹೂವು, ಮರ, ಅಂಟು, ಬೇರು, ಪ್ರಾಣಿಗಳಿಂದ ಬಂದ ದ್ರವ್ಯಗಳನ್ನಷ್ಟೇ ಬಳಸುತ್ತಾರೆ. 2001ರಲ್ಲಿ ಬಂದ ಇವರ 'ಎಸೆನ್ಸ್ ಅಂಡ್ ಆಲ್ಕೆಮಿ' ಪುಸ್ತಕ ಓದಿ ಈ ದಾರಿ ಹಿಡಿದವರು ಬಹಳ ಜನ. 2017ರಲ್ಲಿ ಮನೆಯ ಹಿಂದೆಯೇ ಒಂದು ಪುಟ್ಟ ವಾಸನೆ ಮ್ಯೂಸಿಯಮ್ಮನ್ನೂ ತೆರೆದರು. ಅಲ್ಲಿಂದ ಸುತ್ತು ಬಳಸಿ ನನ್ನ ಕೈ ಸೇರಿದ್ದು ಒಂದು ಸ್ಯಾಂಪಲ್ ಶೀಶೆ, ಕಿರುಬೆರಳಿನಷ್ಟು.

ಇದೊಂದು ಹೂವು-ಚರ್ಮದ ಪರ್ಫ್ಯೂಮು. ಪೂರ್ತಿ ನೈಸರ್ಗಿಕ. ಇಂಥದ್ದನ್ನು ಹಾಕಿಕೊಳ್ಳುವುದು ಹೇಗೆ, ಅಳೆಯುವುದು ಹೇಗೆ ಅನ್ನೋದರ ಬಗ್ಗೆ ನನ್ನ ತಕರಾರು ಒಂದಿದೆ. ತಕರಾರು ಪರ್ಫ್ಯೂಮಿನ ಮೇಲಲ್ಲ. ನಮ್ಮ ಮೂಗುಗಳ ಮೇಲೆ.

ಮೊದಲು ಒಳಗೇನಿದೆ ನೋಡೋಣ. ಗಾರ್ಡೇನಿಯಾ ಅಂದರೆ ನರ್ಸರಿಗಳಲ್ಲಿ ಗಂಧರಾಜ ಅಂತ ಮಾರುತ್ತಾರಲ್ಲ, ಆ ದಪ್ಪ ಬಿಳಿ ಹೂವಿನ ಬಳಗ. ಅಂಗಡಿಗಳಲ್ಲಿ ಸಿಗುವ ಗಾರ್ಡೇನಿಯಾ ಸೆಂಟುಗಳಲ್ಲಿ ಸಾಮಾನ್ಯವಾಗಿ ಆ ಹೂವು ಇರುವುದೇ ಇಲ್ಲ. ಅದರಿಂದ ಸತ್ವ ತೆಗೆಯುವುದು ಕಷ್ಟ, ಸಿಗುವುದೂ ತೀರಾ ಕಡಿಮೆ. ಹಾಗಾಗಿ ಲ್ಯಾಬಿನಲ್ಲಿ ಅದರ ಘಮವನ್ನು ಜೋಡಿಸಿ ಕಟ್ಟುತ್ತಾರೆ. ಆಫ್ಟೆಲ್ ಬಳಸಿರುವುದು ತಿಯಾರೆ, ಅಂದರೆ ತಾಹಿತಿ ದ್ವೀಪದ ಗಾರ್ಡೇನಿಯಾ. ಅಲ್ಲಿನವರು ಈ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಮೈಗೆ, ತಲೆಗೆ ಹಚ್ಚಿಕೊಳ್ಳುತ್ತಾರೆ. ಎಣ್ಣೆಗೆ ಹೂವು ಹಾಕಿ ಬಿಸಿಲಿಗಿಡುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನೂ ಒಂದು ನಂಟಿದೆ: ಗಾರ್ಡೇನಿಯಾ ಮತ್ತು ಕಾಫಿ ಒಂದೇ ಸಸ್ಯ ಕುಟುಂಬದವು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಸಕಲೇಶಪುರದ ತೋಟಗಳ ಪಕ್ಕ ಬೈಕಿನಲ್ಲಿ ಹೋದವರಿಗೆ ಆ ಬಿಳಿ ಹೂವಿನ ಘಮ ಎಂಥದ್ದು ಅಂತ ಗೊತ್ತು. ಅದಕ್ಕೆ ಒಂದಿಷ್ಟು ಬೆಣ್ಣೆ, ಒಂದಿಷ್ಟು ಅಣಬೆ ಸೇರಿಸಿ ಊಹಿಸಿಕೊಳ್ಳಿ.

ಇನ್ನು ಚರ್ಮ. ಪರ್ಫ್ಯೂಮಿನ ಚರ್ಮದಲ್ಲಿ ಚರ್ಮ ಇರುವುದಿಲ್ಲ. ಇಲ್ಲಿ ಆ ಕೆಲಸ ಮಾಡುವುದು ಕ್ಯಾಸ್ಟೋರಿಯಂ. ಬೀವರ್ ಅಂತ ಒಂದು ಪ್ರಾಣಿ ಇದೆ, ಇಲಿಯ ದೊಡ್ಡ ಬಂಧು, ಮರ ಕಡಿದು ಹೊಳೆಗೆ ಅಣೆಕಟ್ಟು ಕಟ್ಟುತ್ತದೆ. ಅದರ ಬಾಲದ ಬುಡದ ಹತ್ತಿರ ಎರಡು ಚೀಲಗಳಿರುತ್ತವೆ. ತನ್ನ ಸರಹದ್ದು ಗುರುತು ಮಾಡಲು ಅದರೊಳಗಿನ ಅಂಟನ್ನು ಬಳಸುತ್ತದೆ. ಆ ಚೀಲ ಒಣಗಿಸಿ ಆಲ್ಕೋಹಾಲಿನಲ್ಲಿ ನೆನೆಹಾಕಿದರೆ ಹೊಗೆ, ತೊಗಟೆ, ಹಳೇ ಚರ್ಮದ ಬ್ಯಾಗು ಎಲ್ಲಾ ಒಟ್ಟಿಗೆ ಮೂಗಿಗೆ ಬರುತ್ತವೆ. ಬೀವರ್ ತಿನ್ನುವುದೇ ಮರದ ತೊಗಟೆ. ಈ ಘಮದ ಒಂದು ಪಾಲು ಅಲ್ಲಿಂದಲೇ ಬಂದದ್ದು.

ಹಾಕಿಕೊಂಡರೆ ಹೇಗಿರುತ್ತೆ? ಮೊದಲ ಹತ್ತು ನಿಮಿಷ ಗಟ್ಟಿ ತೆಂಗಿನಹಾಲಿನಲ್ಲಿ ಅದ್ದಿದ ಹೂವು. ಸ್ವಲ್ಪ ಜಾಸ್ತಿಯೇ ಅನ್ನಿಸುವಷ್ಟು ಹಣ್ಣಾದದ್ದು, ನಾಳೆ ಬಾಡುವ ಹೂವಿನ ಇವತ್ತಿನ ರಾತ್ರಿ. ಅರ್ಧ ಗಂಟೆಗೆ ಕೆಳಗಿನಿಂದ ಒಂದು ಕಪ್ಪು ಎಳೆ ಏಳುತ್ತೆ. ಆಮೇಲೆ ಹೂವು ಯಾವುದು, ಚರ್ಮ ಯಾವುದು ಅಂತ ಬಿಡಿಸಿ ಹೇಳುವುದು ಕಷ್ಟ. ಎರಡು ಗಂಟೆಯ ಹೊತ್ತಿಗೆ ಮೈಗೆ ಅಂಟಿಕೊಂಡು ಕೂರುತ್ತೆ. ಮೂರು, ಮೂರೂವರೆ ಗಂಟೆಗೆ ಮಣಿಕಟ್ಟನ್ನು ಮೂಗಿಗೆ ತಂದರಷ್ಟೇ ಗೊತ್ತಾಗುತ್ತೆ. ಪಕ್ಕದ ಡೆಸ್ಕಿನವರಿಗೆ ಸುಳಿವೇ ಇಲ್ಲ. ಕಾಂಪ್ಲಿಮೆಂಟ್ ಸೊನ್ನೆ.

ಹಾಗಾದರೆ ಫೇಲಾ? ನಿಲ್ಲಿ. ಗಂಟೆಗಟ್ಟಲೆ ನಿಲ್ಲುವ ಸೆಂಟುಗಳಲ್ಲಿ ಹೆಚ್ಚಿನವು ಹಾಗೆ ನಿಲ್ಲುವುದು ಲ್ಯಾಬಿನಲ್ಲಿ ಅದಕ್ಕೆಂದೇ ರೂಪಿಸಿದ ಕಸ್ತೂರಿಗಳಿಂದ, ಮರದ ವಾಸನೆಯ ಅಣುಗಳಿಂದ. ಅವು ಭಾರ. ನಿಧಾನ ಆವಿಯಾಗುತ್ತವೆ. ಬೆಳಿಗ್ಗೆ ಹಾಕಿದ್ದು ಸಂಜೆಯೂ ಅದೇ ಸ್ವರದಲ್ಲಿ ಹಾಡುತ್ತಿರುತ್ತದೆ. ಹೂವಿನ ಸತ್ವ ಹಾಗಲ್ಲ. ಒಂದು ಮಲ್ಲಿಗೆ ಅಬ್ಸೊಲ್ಯೂಟಿನಲ್ಲಿ ನೂರಾರು ಬಗೆಯ ಅಣುಗಳಿರುತ್ತವೆ, ಒಂದೊಂದೂ ತನ್ನ ಹೊತ್ತಿಗೆ ಎದ್ದು ಹೋಗುತ್ತದೆ. ಹಾಗಾಗಿ ಅದು ಬದಲಾಗುತ್ತಾ ಹೋಗುತ್ತೆ, ಮುಗಿಯುತ್ತೆ. ದಂಡೆ ಮುಡಿದವರು ಸಂಜೆಗೆ ಬಾಡಿತಲ್ಲ ಅಂತ ಹೂವಾಡಗಿತ್ತಿಯ ಹತ್ತಿರ ರೀಫಂಡ್ ಕೇಳುತ್ತೀರಾ? ಮೂರೂವರೆ ಗಂಟೆಯ ಪರ್ಫ್ಯೂಮಿಗೆ ಎಂಟು ಗಂಟೆಯ ಅಳತೆಗೋಲು ಹಿಡಿಯುವುದು ಠುಮ್ರಿ ಕೇಳಿ "ಸಿನಿಮಾ ಯಾಕೆ ಮೂರು ಗಂಟೆ ಓಡ್ಲಿಲ್ಲ" ಅಂದ ಹಾಗೆ. ಸಾಲದ್ದಕ್ಕೆ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಂಡು ಸುಮ್ಮನಾಗುತ್ತದೆ. 'ಹೋಯ್ತು' ಅಂತ ನೀವು ಅಂದುಕೊಂಡದ್ದು ಬಹಳ ಸಲ ಹೋಗಿರುವುದೇ ಇಲ್ಲ. ನಿಮ್ಮ ಮೂಗು ಹಾಜರಾತಿ ಕೊಟ್ಟು ಹೊರಟುಹೋಗಿರುತ್ತದೆ.

ಎರಡನೇ ತಪ್ಪು ಅಳತೆ ಇದಕ್ಕಿಂತ ಅಪಾಯಕಾರಿ: 'ನ್ಯಾಚುರಲ್' ಅಂದರೆ ಶುದ್ಧ. ಶುದ್ಧ ಅಂದರೆ ಸಾತ್ವಿಕ. ಸಾತ್ವಿಕ ಅಂದರೆ ಸೇಫ್. ಈ ಮೂರು ಮೆಟ್ಟಿಲು ಹತ್ತಿಸಿ ಮಾಲುಗಳಲ್ಲಿ ಎಣ್ಣೆಯಿಂದ ಸೋಪಿನವರೆಗೆ ನಮಗೆ ಮಾರುತ್ತಿದ್ದಾರೆ. ಕ್ಯುಯೀರ್ ದ ಗಾರ್ಡೇನಿಯಾ ಈ ಮೂರನ್ನೂ ಒದ್ದು ಬೀಳಿಸುತ್ತೆ. ಪೂರ್ತಿ ನ್ಯಾಚುರಲ್, ಆದರೆ ಪ್ರಾಣಿಯ ಬಾಲದ ಬುಡದಿಂದ ಬಂದ ದ್ರವ್ಯ ಒಳಗಿದೆ. ನೀವು ಕಟ್ಟಾ ಸಸ್ಯಾಹಾರಿ ಆಗಿದ್ದರೆ ಲ್ಯಾಬಿನ ಕಸ್ತೂರಿಯೇ ನಿಮಗೆ ಹೆಚ್ಚು ಮಡಿ. ಸೇಫ್ ವಿಷಯಕ್ಕೆ ಬಂದರೆ, ಚರ್ಮದ ಘಮಕ್ಕೆ ಬಳಸುವ ಇನ್ನೊಂದು ನೈಸರ್ಗಿಕ ದ್ರವ್ಯ ಬರ್ಚ್ ಮರದ ಟಾರು. ಅದನ್ನು ಶುದ್ಧೀಕರಿಸದೆ ಬಳಸಬಾರದು ಅಂತ ಅಂತರರಾಷ್ಟ್ರೀಯ ಸುಗಂಧ ಸಂಘಟನೆಯಾದ ಇಫ್ರಾ ಹೇಳುತ್ತದೆ. ಮಲ್ಲಿಗೆಯ ಅಬ್ಸೊಲ್ಯೂಟಿಗೂ ಅದು ಮಿತಿ ಹಾಕಿದೆ. ಬರ್ಗಮಾಟ್ ಎಣ್ಣೆಯನ್ನು ಹಾಗೇ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಪ್ರಕೃತಿಗೆ ನಿಮ್ಮ ಆರೋಗ್ಯದ ಬಗ್ಗೆ ವಿಶೇಷ ಕಾಳಜಿ ಏನೂ ಇಲ್ಲ ಸ್ವಾಮಿ.

ಶುದ್ಧಿಯ ಕಥೆ ಇನ್ನೂ ಮಜವಾಗಿದೆ. ಮಲ್ಲಿಗೆಯಲ್ಲಿ ಇಂಡೋಲ್ ಅಂತ ಒಂದು ಅಣು ಇದೆ. ಅದೇ ಇಂಡೋಲ್ ಮಲದಲ್ಲೂ ಇದೆ. ಪ್ಯಾರಾ-ಕ್ರೆಸಾಲ್ ಅನ್ನೋದು ಮಲ್ಲಿಗೆಯಲ್ಲೂ ಇದೆ, ದನದ ಕೊಟ್ಟಿಗೆಯಲ್ಲೂ ಇದೆ. ಇವನ್ನು ತೆಗೆದು ಮಲ್ಲಿಗೆಯನ್ನು 'ಕ್ಲೀನ್' ಮಾಡಿದರೆ ಉಳಿಯುವುದು ಫ್ಲೋರ್ ಕ್ಲೀನರಿನ ಮಲ್ಲಿಗೆ. ತಿರುಮಲದಲ್ಲಿ ಶುಕ್ರವಾರದ ಅಭಿಷೇಕವಾದ ಮೇಲೆ ದೇವರಿಗೆ ಪುನುಗಿನ ತೈಲ ಹಚ್ಚುತ್ತಾರೆ. ಪುನುಗು ಅನ್ನೋದು ಪುನುಗು ಬೆಕ್ಕಿನ ಗ್ರಂಥಿಯಿಂದ ಬರುವ ದ್ರವ್ಯ. ಬೆಕ್ಕಿನ ಬೆನ್ನ ಹಿಂದಿನದು ಗರ್ಭಗುಡಿಗೆ ಸಲ್ಲುತ್ತದೆ. ನಮ್ಮ ಹಿಂದಿನವರು ಇದನ್ನೆಲ್ಲಾ ಬಲ್ಲವರು. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ಕನ್ನಡದ 'ಲೋಕೋಪಕಾರ'ದಲ್ಲಿ ಕೃಷಿ, ಅಡುಗೆ, ಪಶುವೈದ್ಯದ ಜೊತೆಗೆ ಸುಗಂಧ ತಯಾರಿಕೆಗೂ ಜಾಗವಿದೆ. ಸಾವಿರ ವರ್ಷದ ಕೆಳಗೆ ಕೂಡಿಸುವ ವಿದ್ಯೆಯಾಗಿದ್ದ ಗಂಧ ಈಗ ನಮಗೆ ತೊಳೆಯುವ ವಿದ್ಯೆಯಾಗಿದೆ.

ಮೂರನೇ ಅಳತೆಯನ್ನು ಬೇಗ ಮುಗಿಸುತ್ತೇನೆ, ಅದಕ್ಕೆ ಅದಕ್ಕಿಂತ ಹೆಚ್ಚು ಮರ್ಯಾದೆ ಬೇಡ. "ಲೆದರ್ ಅಂದ್ರೆ ಜೆಂಟ್ಸ್ ಸೆಂಟಲ್ವಾ? ನೀವ್ಯಾಕೆ ಹಾಕ್ತೀರಾ ಮೇಡಂ?" ಕ್ಯಾರನ್ ಕಂಪನಿಯ ತಬಾ ಬ್ಲೋನ್ ಬಂದದ್ದು 1919ರಲ್ಲಿ, ಆಗಷ್ಟೇ ಸಿಗರೇಟು ಹಿಡಿಯುತ್ತಿದ್ದ ಹೆಂಗಸರಿಗಾಗಿ. 1944ರಲ್ಲಿ ಜರ್ಮೇನ್ ಸೆಲಿಯೇ ಅನ್ನುವ ಹೆಂಗಸು ರಾಬರ್ ಪಿಗೆಗಾಗಿ ಬ್ಯಾಂಡಿಟ್ ಮಾಡಿದಳು. ಚರ್ಮದ ಪರ್ಫ್ಯೂಮುಗಳಲ್ಲಿ ಅಷ್ಟು ಒರಟಾದದ್ದು ಇವತ್ತಿಗೂ ಕಡಿಮೆ, ಮತ್ತು ಅದು ಹೆಂಗಸರ ಪರ್ಫ್ಯೂಮು. ಮಲ್ಲಿಗೆ ಹೆಣ್ಣು, ಚರ್ಮ ಗಂಡು ಅಂತ ಬೋರ್ಡು ಹಾಕಿದ್ದು ಅಂಗಡಿಯವರು. ಸಾಕು.

ಈಗ ಅಸಲು ವಿಷಯಕ್ಕೆ ಬರೋಣ.

ಚರ್ಮಕ್ಕೂ ಪರ್ಫ್ಯೂಮಿಗೂ ಇರುವ ನಂಟು ಯಾವನೋ ಡಿಸೈನರಿನ ತಲೆಯಲ್ಲಿ ಹೊಳೆದದ್ದಲ್ಲ. ಫ್ರಾನ್ಸಿನ ಗ್ರಾಸ್ ಪಟ್ಟಣವನ್ನು ಜಗತ್ತಿನ ಪರ್ಫ್ಯೂಮ್ ರಾಜಧಾನಿ ಅನ್ನುತ್ತಾರೆ. 2018ರಲ್ಲಿ ಅಲ್ಲಿನ ಸುಗಂಧ ವಿದ್ಯೆಗೆ ಯುನೆಸ್ಕೋ ಮಾನ್ಯತೆಯೂ ಸಿಕ್ಕಿತು. ಆದರೆ ಗ್ರಾಸ್ ಮೂಲತಃ ತೊಗಲು ಹದ ಮಾಡುವ ಊರು. ಅಲ್ಲಿ ತಯಾರಾಗುತ್ತಿದ್ದ ಕೈಗವಸುಗಳು ನಾರುತ್ತಿದ್ದವು. ಶ್ರೀಮಂತರ ಕೈಗೆ ಹೋಗುವ ಮೊದಲು ಅವನ್ನು ಹೂವಿನ ಘಮದಲ್ಲಿ ಅದ್ದಬೇಕಿತ್ತು. 1614ರಲ್ಲಿ ಪ್ಯಾರಿಸ್ಸಿನಲ್ಲಿ ಕೈಗವಸು ಮಾಡುವ ಯಜಮಾನರಿಗೆ 'ಕೈಗವಸು-ಸುಗಂಧಕಾರರು' ಅಂತ ಕರೆದುಕೊಳ್ಳುವ ಹಕ್ಕನ್ನು ದೊರೆಯೇ ಕೊಟ್ಟ. ಕಾಲ ಕಳೆದಂತೆ ಕೈಗವಸು ಹೋಯಿತು, ತೊಗಲು ಹೋಯಿತು, ಘಮ ಮಾತ್ರ ಉಳಿಯಿತು. ನಾತ ಮುಚ್ಚಲು ಬಂದ ಹೂವು ಊರಿನ ಒಡತಿಯಾಯಿತು.

ರಷ್ಯಾದ್ದೂ ಇಂಥದ್ದೇ. ಅಲ್ಲಿ ವಿಲೋ ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಬರ್ಚ್ ಟಾರಿನ ಎಣ್ಣೆ ಹಚ್ಚುತ್ತಿದ್ದರು, ಹುಳ ಬೀಳಬಾರದು, ನೀರು ಇಳಿಯಬಾರದು ಅಂತ. 1786ರಲ್ಲಿ ಅಂಥ ಚರ್ಮ ಹೊತ್ತ ಒಂದು ಹಡಗು ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಮುಳುಗಿತು. 1973ರಲ್ಲಿ ಅದು ಪತ್ತೆಯಾದಾಗ ಕೆಸರಿನಲ್ಲಿ ಹೂತಿದ್ದ ಚರ್ಮ ಇನ್ನೂ ಬಳಸುವ ಸ್ಥಿತಿಯಲ್ಲಿತ್ತು. ಅದರಿಂದ ಬ್ಯಾಗು, ಬೂಟು ಹೊಲಿದು ಮಾರಿದರು. ಆ ಟಾರಿನ ಘಮವೇ ಮುಂದೆ 'ರಷ್ಯನ್ ಲೆದರ್' ಅನ್ನುವ ಹೆಸರಿನಲ್ಲಿ ಬಾಟಲಿಗಿಳಿದು ಶನೆಲ್‌ನಂಥ ಕಂಪನಿಗಳ ಕಪಾಟು ಸೇರಿತು. ಹುಳ ಓಡಿಸುವ ಎಣ್ಣೆ ಲಕ್ಷುರಿ ಆಯಿತು.

ಭಾರತದಲ್ಲೂ ಇದೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಬಿದಿರಿನ ಕೊಳವೆಯಲ್ಲಿ ಆವಿ ಹಾಯಿಸಿ, ಶ್ರೀಗಂಧದ ಎಣ್ಣೆಯಲ್ಲಿ ಇಳಿಸಿ ಅತ್ತರು ಮಾಡುತ್ತಾರೆ. ಆಮೇಲೆ ಅದನ್ನು ತುಂಬಿಡುವುದು ಕುಪ್ಪಿ ಅನ್ನುವ ತೊಗಲಿನ ಬುದ್ದಲಿಯಲ್ಲಿ. ತೊಗಲು ಉಸಿರಾಡುತ್ತೆ, ಅತ್ತರಿನಲ್ಲಿ ಉಳಿದ ನೀರಿನ ಪಸೆ ಅದರ ಮೂಲಕ ಹೊರಹೋಗುತ್ತೆ. ಅಂದರೆ ದೇವರಿಗೆ, ನವಾಬರಿಗೆ, ಮದುವೆ ಮನೆಗೆ ಹೋಗುತ್ತಿದ್ದ ಗುಲಾಬಿ ಅತ್ತರು ತೊಗಲಿನ ಹೊಟ್ಟೆಯಲ್ಲಿ ಮಲಗಿ ಎದ್ದು ಬಂದದ್ದು.

ಎಲ್ಲಾ ಕಡೆ ಕಥೆ ಒಂದೇ. ಕೊಳೆಯುವ ತೊಗಲನ್ನು ಯಾರೋ ಕೈಹಾಕಿ ಹದ ಮಾಡುತ್ತಾರೆ. ಘಮ ಮೇಲಕ್ಕೆ ಹೋಗುತ್ತೆ, ಕೈ ಕೆಳಗೇ ಉಳಿಯುತ್ತೆ. ಫ್ರಾನ್ಸಿನಲ್ಲಿ ಆ ಕೈಗೆ ಮಗನ ಕಾಲಕ್ಕೆ ಬೇರೆ ಕಸುಬು ಹಿಡಿಯುವ ದಾರಿಯಾದರೂ ಇತ್ತು. ನಮ್ಮಲ್ಲಿ ಆ ಕೈಗೆ ಜಾತಿಯ ಹೆಸರಿಟ್ಟು ಊರ ಹೊರಗೆ ಕೂರಿಸಿದೆವು.

ನನ್ನ ಗೆಳತಿಯೊಬ್ಬಳಿದ್ದಾಳೆ. ಮೂರು ವರ್ಷ ಒಂದೇ ಟೀಮಿನಲ್ಲಿದ್ದವರು ನಾವು. ಅವಳ ತಾತ ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ ತೊಗಲು ಹದ ಮಾಡಿ ಮೆಟ್ಟು ಹೊಲಿಯುತ್ತಿದ್ದವರು. ಅವಳ ಮುಂದೆ ಮಣಿಕಟ್ಟು ಚಾಚಿ "ಹೇಗಿದೆ ಹೇಳು" ಅಂದೆ. ಕಣ್ಣು ಮುಚ್ಚಿ ಮೂಸಿದಳು. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಆಮೇಲೆ ಅಂದಳು: "ಹೂವು ಚೆನ್ನಾಗಿದೆ. ಚರ್ಮ ಸುಳ್ಳು ಕಣೇ."

"ಯಾಕೆ?"

"ಇದು ಶೋರೂಮಿನ ಚರ್ಮ. ಕೆಲಸ ಎಲ್ಲಾ ಮುಗಿದ ಮೇಲಿನದು. ನಮ್ಮನೇಲಿ ಚರ್ಮ ಅಂದ್ರೆ ಮೊದಲು ಸುಣ್ಣ. ಆಮೇಲೆ ತಂಗಡಿ ಚಕ್ಕೆ ನೆನೆಸಿದ ನೀರು. ಆಮೇಲೆ ಎಣ್ಣೆ. ನಮ್ ತಾತನ ಅಂಗೈ ಸಾಯೋವರೆಗೂ ಆ ನೀರಿನ ಬಣ್ಣವೇ ಇತ್ತು."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಮುಂದುವರಿಸಿದಳು: "ಏಳನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗಿ ಒಂದಿನ ಬೆಂಚು ಬದಲಾಯಿಸಿದ್ಲು. ವಾಸನೆ ಬರುತ್ತೆ ಅಂತ ಮಿಸ್ಸಿಗೆ ಹೇಳಿದ್ಲಂತೆ. ಅಷ್ಟೊತ್ತಿಗೆ ತಾತ ಕೆಲಸ ಬಿಟ್ಟು ಆರು ವರ್ಷ ಆಗಿತ್ತು. ನಾವು ಟೌನಲ್ಲಿದ್ವಿ. ಅಪ್ಪ ಬ್ಯಾಂಕಲ್ಲಿ ಕ್ಲರ್ಕು. ಮನೇಲಿ ಒಂದು ತುಂಡು ತೊಗಲೂ ಇರ್ಲಿಲ್ಲ. ಏನು ವಾಸನೆ ಬಂತೋ ಅವಳಿಗೆ!"

ಏನು ವಾಸನೆ ಬಂತು ಅಂತ ನಮಗೆಲ್ಲಾ ಗೊತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರಿನದು.

ಆ ತಂಗಡಿ ಗಿಡದ ಬಗ್ಗೆ ಎರಡು ಮಾತು ಹೇಳಬೇಕು. ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ; ಆವರಿಕೆ ಅಂತಲೂ ಅನ್ನುತ್ತಾರೆ. ಅದರ ತೊಗಟೆಯಲ್ಲಿ ಟ್ಯಾನಿನ್ ತುಂಬಿದೆ. ದಕ್ಷಿಣ ಭಾರತದ ತೊಗಲು ಕಸುಬು ಬಹುಕಾಲ ನಿಂತದ್ದೇ ಈ ತೊಗಟೆಯ ಮೇಲೆ. ಇಂಗ್ಲಿಷಿನಲ್ಲಿ ಅದಕ್ಕೆ ತೊಗಲು ಹದ ಮಾಡುವವರ ಗಿಡ ಅಂತಲೇ ಹೆಸರು. ಪಕ್ಕದ ತೆಲಂಗಾಣದಲ್ಲಿ ಅದೇ ಹೂವು ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ಅದು ಅಲ್ಲಿನ ರಾಜ್ಯ ಪುಷ್ಪ. ಒಂದೇ ಗಿಡ. ಹೂವು ದೇವಿಗೆ, ತೊಗಟೆ ಕೇರಿಗೆ. ಹೂವು-ಚರ್ಮದ ಪರ್ಫ್ಯೂಮಿಗೆ ಬರ್ಕ್ಲಿಯ ತನಕ ಹೋಗಬೇಕಾಗಿರಲಿಲ್ಲ. ಹಿರಿಯೂರು ದಾಟಿದ ಮೇಲೆ ಕಾರಿನ ಗಾಜು ಇಳಿಸಿದ್ದರೆ ಸಾಕಿತ್ತು.

ನಮ್ಮ ಭಾಷೆಗೆ ಈ ವಿಷಯದಲ್ಲಿ ನಮಗಿಂತ ಒಳ್ಳೆಯ ಮನಸ್ಸಿತ್ತು. 'ವಾಸನೆ' ಅಂದರೆ ಬರೀ ವಾಸನೆ, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಇವತ್ತು ಬೆಂಗಳೂರಿನಲ್ಲಿ "ವಾಸನೆ ಬರ್ತಿದೆ" ಅಂದರೆ ಮೂಗು ಮುಚ್ಚಿಕೋ ಅಂತ ಅರ್ಥ. 'ನಾರು' ಅನ್ನುವ ಕ್ರಿಯಾಪದವೂ ಹಾಗೇ. ಹಳಗನ್ನಡದಲ್ಲಿ ಅದು ಪರಿಮಳಕ್ಕೂ ಸಲ್ಲುತ್ತಿತ್ತು, 'ನರುಗಂಪು' ಅನ್ನುವ ಚೆಂದದ ಪದ ಅಲ್ಲಿಂದಲೇ ಬಂದದ್ದು. ಈಗ ನಾರುವುದೆಲ್ಲಾ ಗಬ್ಬು. ಶಾಸ್ತ್ರದವರು 'ವಾಸನೆ' ಅಂದರೆ ಹಿಂದಿನ ಜನ್ಮದಿಂದ ಅಂಟಿಕೊಂಡು ಬಂದ ಸಂಸ್ಕಾರ ಅಂತಲೂ ಹೇಳುತ್ತಾರೆ. ಆ ಬೆಂಚು ಬದಲಾಯಿಸಿದ ಹುಡುಗಿಯ ಮೂಗಿಗೆ ತಟ್ಟಿದ್ದು ಈ ಅರ್ಥದ ವಾಸನೆ. ಸಂಸ್ಕಾರ ಅವಳದು, ವಾಸನೆಯ ಆರೋಪ ಪಕ್ಕದವಳ ಮೇಲೆ.

"ಅಯ್ಯೋ, ಸೆಂಟಿನಲ್ಲೂ ಜಾತಿ ತರ್ತೀರಲ್ರೀ!" ಅನ್ನುವವರು ಈಗಾಗಲೇ ಸಾಲು ನಿಂತಿರುತ್ತೀರಿ. ತಂದವಳು ನಾನಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಒಂದು ದಿನ ಎಚ್‌ಆರ್ ಕಡೆಯಿಂದ ಎಲ್ಲರಿಗೂ ಮೇಲ್ ಬಂತು: 'ತೀವ್ರ ವಾಸನೆಯ' ಊಟವನ್ನು ಪ್ಯಾಂಟ್ರಿಯ ಮೈಕ್ರೋವೇವಿನಲ್ಲಿ ಬಿಸಿ ಮಾಡಬೇಡಿ. ಇಂಗಿನ ಸಾರು ಬಿಸಿ ಮಾಡಿದವರನ್ನು ಯಾರೂ ಕೇಳಲಿಲ್ಲ. ಹಿಂದಿನ ದಿನ ಮೀನಿನ ಡಬ್ಬಿ ತಂದಿದ್ದ ಕುಂದಾಪುರದ ಹುಡುಗ ಆಮೇಲೆ ಹೊರಗೆ ಪಾರ್ಕಿಂಗಿನಲ್ಲಿ ಕೂತು ತಣ್ಣಗಿನ ಊಟ ಮಾಡುತ್ತಿದ್ದ. ಅದೇ ಕಂಪನಿಯ ರಿಸೆಪ್ಶನ್ನಿನಲ್ಲಿ ಒಂದು ಡಿಫ್ಯೂಸರ್ ಇತ್ತು. ಬಂದ ಕ್ಲೈಂಟುಗಳಿಗೆ 'ಪ್ರೀಮಿಯಂ ಫೀಲ್' ಬರಲಿ ಅಂತ ದಿನವಿಡೀ ಉಗಿಯುತ್ತಿತ್ತು. ಡಬ್ಬಿಯ ಮೇಲೆ ಬರೆದಿತ್ತು: 'ಲೆದರ್ ಅಂಡ್ ಊದ್'. ಒಂದು ಪ್ರಾಣಿಯ ಮಾಂಸದ ವಾಸನೆ ಶಿಸ್ತುಕ್ರಮಕ್ಕೆ, ಇನ್ನೊಂದು ಪ್ರಾಣಿಯ ತೊಗಲಿನ ವಾಸನೆ ಸ್ವಾಗತಕ್ಕೆ. ಬಾಡಿಗೆ ಮನೆ ಹುಡುಕಿದ ಎಲ್ಲರಿಗೂ ಈ ನ್ಯಾಯ ಗೊತ್ತು. ಓನರ್ ಆಂಟಿ "ನಿಮ್ಮ ಜಾತಿ ಯಾವುದು" ಅಂತ ಕೇಳುವುದಿಲ್ಲ. "ನಾನ್‌ವೆಜ್ ಮಾಡಿದ್ರೆ ವಾಸನೆ ಬರುತ್ತಲ್ಲಮ್ಮ" ಅನ್ನುತ್ತಾರೆ. ಮೂಗು ಇದ್ದರೆ ಬಾಯಿಯ ಕೆಲಸ ಹಗುರ.

ಇನ್ನೊಂದು ವಾದವೂ ಬರುತ್ತೆ: "ಕೆಟ್ಟ ವಾಸನೆ ಅಂತ ಇರೋದೇ ಇಲ್ವಾ ಹಾಗಾದ್ರೆ? ತೊಗಲು ಕೊಳೆತರೆ ನಾರಲ್ವಾ?" ನಾರುತ್ತೆ. ಖಂಡಿತಾ ನಾರುತ್ತೆ. ಅದರಲ್ಲಿ ಕೈಯಿಟ್ಟವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾತವನ್ನು ಪರಿಮಳ ಅಂತ ಕರೆಯಿರಿ ಅಂತ ಯಾರೂ ಹೇಳುತ್ತಿಲ್ಲ. ಆ ನಾತದ ಕೂಲಿ ಯಾರಿಗೆ ಹೋಯಿತು, ಪರಿಮಳದ ಲಾಭ ಯಾರಿಗೆ ಬಂತು ಅನ್ನೋದು ನನ್ನ ಪ್ರಶ್ನೆ. ಬಸವಣ್ಣನಿಗೆ ತನ್ನ ತೊಡೆಯ ಚರ್ಮದಲ್ಲೇ ಮೆಟ್ಟು ಮಾಡಿಕೊಟ್ಟ ಹರಳಯ್ಯನ ಕಥೆಗೆ ವೇದಿಕೆಯಲ್ಲಿ ಕಣ್ಣೀರು ಹಾಕುತ್ತೇವೆ. ಬಸ್ ಸ್ಟ್ಯಾಂಡಿನ ಹತ್ತಿರ ಮರದ ಕೆಳಗೆ ಕೂತು ನಮ್ಮ ಶೂ ಹೊಲಿಯುವವರ ಕೈಗೆ ದುಡ್ಡನ್ನು ಬೆರಳು ತಾಕದ ಹಾಗೆ ಹಾಕುತ್ತೇವೆ. ಫೋನ್‌ಪೇ ಬಂದ ಮೇಲಂತೂ ಅನುಕೂಲವಾಯಿತು.

ಹಾಗಂತ ಈ ಪರ್ಫ್ಯೂಮನ್ನು ಎಸೆದುಬಿಡಬೇಕಾ? ಇಲ್ಲ. ನನ್ನ ತೀರ್ಪು ಹೇಳುತ್ತೇನೆ, ಅಂಕ ಬೇಡ. ಗಾರ್ಡೇನಿಯಾ ಅದ್ಭುತ. ಹೂವನ್ನು ತೊಳೆದು ಇಸ್ತ್ರಿ ಮಾಡದೆ, ಅದರ ಅಣಬೆ, ಬೆಣ್ಣೆ, ಬಾಡುವಿಕೆಯ ಜೊತೆಗೇ ತಂದಿಟ್ಟಿದ್ದಾರೆ. ಹೂವಿನೊಳಗೇ ಒಂದು ಪ್ರಾಣಿ ಇದೆ, ಚರ್ಮದೊಳಗೇ ಒಂದು ಹೂವಿದೆ ಅಂತ ಮೂಗಿಗೆ ಮನವರಿಕೆ ಮಾಡಿಸುವುದು ಸಣ್ಣ ಕೆಲಸವಲ್ಲ. ಕ್ಯಾಸ್ಟೋರಿಯಂ ಸ್ವಲ್ಪ ಜಾಸ್ತಿಯಾದರೆ ಹೂವು ಸತ್ತುಹೋಗುತ್ತೆ, ಕಡಿಮೆಯಾದರೆ ಹೆಸರಿಗಷ್ಟೇ ಚರ್ಮ. ಆ ತೂಕ ಇಲ್ಲಿ ಸರಿಯಾಗಿದೆ. ಕೊರತೆ ನನ್ನ ಗೆಳತಿ ಹೇಳಿದ್ದೇ: ಇದು ಬ್ಯಾಗಿನ ಚರ್ಮ, ಕೈಯ ಚರ್ಮ ಅಲ್ಲ. ಸುಣ್ಣ ಇ‍ಲ್ಲ, ತೊಗಟೆಯ ಒಗರಿಲ್ಲ, ಬೆವರಿಲ್ಲ. ಚರ್ಮದ ಹೆಸರಿನ ಪರ್ಫ್ಯೂಮುಗಳಲ್ಲಿ ನಾನು ಹಾಕಿ ನೋಡಿದ ಎಲ್ಲದರ ಕೊರತೆಯೂ ಇದೇ, ಇದು ಅವುಗಳಲ್ಲಿ ಪ್ರಾಮಾಣಿಕವಾದದ್ದು. ಇಷ್ಟು ಸರಿಯಾಗಿ ತೀರ್ಪು ಕೊಟ್ಟ ರಿವ್ಯೂ ನಾನು ಎಲ್ಲೂ ಓದಿಲ್ಲ. ಹತ್ತು ನಿಮಿಷದಲ್ಲಿ ಅದನ್ನು ಹೇಳಿದವಳಿಗೆ ಒಬ್ಬ ಸಬ್‌ಸ್ಕ್ರೈಬರೂ ಇಲ್ಲ.

ಇಂಥದ್ದನ್ನು ನೀವೂ ಹಾಕಿ ನೋಡಬೇಕು ಅನ್ನಿಸಿದರೆ ಹೀಗೆ ಮಾಡಿ. ಅಂಗಡಿಯ ಕಾಗದದ ಪಟ್ಟಿ ನಂಬಬೇಡಿ, ಕಾಗದಕ್ಕೆ ಮೈಬಿಸಿ ಇಲ್ಲ. ವಾಸನೆಯ ಲೋಷನ್ ಹಚ್ಚದ ಮೈಮೇಲೆ ಎರಡು ಹನಿ ಸಾಕು. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಮೂರು ಗಂಟೆಗೆ ಮೂಸಿ. ಮಧ್ಯೆ ಮಧ್ಯೆ ಮಣಿಕಟ್ಟನ್ನು ಮೂಗಿಗೆ ಅಂಟಿಸಿಕೊಂಡು ಕೂರಬೇಡಿ. ಒಂದು ದಿನ ಎಸಿಯೊಳಗೆ, ಒಂದು ದಿನ ಬಿಸಿಲಲ್ಲಿ, ಒಂದು ದಿನ ಮಳೆಯಲ್ಲಿ ಹಾಕಿಕೊಳ್ಳಿ; ಮೂರೂ ದಿನ ಬೇರೆ ಬೇರೆ ಮಾತಾಡುತ್ತೆ. ಮಾರನೇ ದಿನ ಬೆಳಿಗ್ಗೆ ತೋಳಿನ ಬಟ್ಟೆ ಮೂಸಿ ನೋಡಿ. ನಿಮಗಿಂತ ಬೇರೆ ಮನೆಯಲ್ಲಿ, ಬೇರೆ ಕಸುಬಿನಲ್ಲಿ ಬೆಳೆದ ಯಾರಿಗಾದರೂ ಮಣಿಕಟ್ಟು ಕೊಟ್ಟು ಕೇಳಿ. ಅವರು ಹೇಳಿದ್ದಕ್ಕೆ ವಾದ ಮಾಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಕೊನೆಯದಾಗಿ, ಒಂದು ಸಲ ಕೈಹೊಲಿಗೆಯ ಚಪ್ಪಲಿ ಕೊಳ್ಳಲು ಹೋಗಿ. ಹೊಸ ಜೋಡಿಯನ್ನು ಕೈಗೆತ್ತಿಕೊಂಡು, ಸುತ್ತಲಿನವರು ನೋಡಿದರೆ ನೋಡಲಿ, ಮೂಗಿನ ಹತ್ತಿರ ತಂದು ಮೂಸಿ. ಆಮೇಲೆ ಅದನ್ನು ಹೊಲಿದವರ ಹೆಸರು ಕೇಳಿ. ಮ್ಯಾಂಡಿ ಆಫ್ಟೆಲ್ ಹೆಸರು ನನಗೆ ಹೇಗೆ ಗೊತ್ತಾಯಿತು ಅಂದರೆ, ಪರ್ಫ್ಯೂಮ್ ಮಾಡಿದವರ ಹೆಸರು ಬಾಟಲಿಯ ಜೊತೆಗೇ ಬರುತ್ತದೆ. ಚಪ್ಪಲಿಯ ಮೇಲೆ ಸೈಜು ಮಾತ್ರ ಬರೆದಿರುತ್ತಾರೆ.